ಮನೆ ಕೊಳ್ಳುವಾಗ ಅಟಾರ್ನಿ ಬೇಕೇ, ಟೈಟಲ್ ಕಂಪನಿ ಇದ್ದರೆ ಸಾಲದೇ?

ರಾರಿಟನ್ ದಂಡೆ:
ಎಲ್ಲರಿಗೂ ನಮಸ್ಕಾರ. ನಾವು ಗಂಡ-ಹೆಂಡತಿ ನ್ಯೂಜೆರ್ಸಿಯ ಮಧ್ಯಭಾಗದಲ್ಲಿ ಮೊದಲ ಮನೆ ಕೊಳ್ಳಲು ಹೊರಟಿದ್ದೇವೆ. ಮಾರುವವರು 6,40,000 ಡಾಲರಿಗೆ ಒಪ್ಪಿದ್ದಾರೆ, ಏಜೆಂಟ್ ಕಳುಹಿಸಿರುವ ಕರಾರಿಗೆ ಈ ವಾರದಲ್ಲೇ ಸಹಿ ಮಾಡಬೇಕಾಗಿದೆ. ಡಲ್ಲಾಸ್‌ನಲ್ಲಿರುವ ನಮ್ಮ ಭಾವನವರು ಈಗಾಗಲೇ ಎರಡು ಮನೆ ಕೊಂಡವರು. ಎರಡು ಸಲವೂ ಅಟಾರ್ನಿಯ, ಅಂದರೆ ವಕೀಲರ, ಮುಖ ನೋಡಲಿಲ್ಲ, ಎಲ್ಲವನ್ನೂ ಮನೆಯ ಹಕ್ಕಿನ ದಾಖಲೆ ಶೋಧಿಸಿ ಅದಕ್ಕೆ ವಿಮೆ ಕೊಡುವ ಟೈಟಲ್ ಕಂಪನಿಯವರೇ ನೋಡಿಕೊಂಡರು, ಸುಮ್ಮನೆ ದುಡ್ಡು ಕಳೆಯಬೇಡಿ ಎನ್ನುತ್ತಾರೆ. ಇಲ್ಲಿನ ಸಹೋದ್ಯೋಗಿಗಳು ಇದಕ್ಕೆ ತದ್ವಿರುದ್ಧವಾಗಿ, ಅಟಾರ್ನಿ ಇಲ್ಲದೆ ಹೆಜ್ಜೆ ಇಡಲೇಬೇಡಿ ಎಂದು ಎಚ್ಚರಿಸುತ್ತಾರೆ. ಏಜೆಂಟ್ ತಾವಾಗಿಯೇ ಒಬ್ಬರ ಹೆಸರನ್ನು ಸೂಚಿಸಿದ್ದಾರೆ. ಇದು ಕಾನೂನಿನ ಪ್ರಕಾರ ಕಡ್ಡಾಯವೇ, ಅಲ್ಲದಿದ್ದರೆ ಕೊಡುವ ಶುಲ್ಕಕ್ಕೆ ತಕ್ಕ ಕೆಲಸ ಅವರಿಂದ ಆಗುತ್ತದೆಯೇ ಎಂಬುದನ್ನು ಅನುಭವಸ್ಥರು ದಯವಿಟ್ಟು ತಿಳಿಸಬೇಕು. ಅಂದ ಹಾಗೆ, ಮಾರುವವರು ಕಳೆದ ವರ್ಷವೇ ಭಾರತಕ್ಕೆ ಹಿಂದಿರುಗಿದ್ದು ಮನೆ ಖಾಲಿ ಇದೆ. ಹಾಗಾಗಿ ಬೇಗ ಕೈಸೇರುತ್ತದೆ ಎಂಬ ಭರವಸೆಯಲ್ಲಿದ್ದೇವೆ.

ಹಡ್ಸನ್ ಪಕ್ಕ:
ಸ್ಥಿರಾಸ್ತಿಯ ಕಾನೂನು ಇಲ್ಲಿ ಆಯಾ ರಾಜ್ಯಕ್ಕೆ ಸೇರಿದ್ದಾದ್ದರಿಂದ ನಿಮ್ಮ ಭಾವನವರೂ ಸಹೋದ್ಯೋಗಿಗಳೂ ತಂತಮ್ಮ ರಾಜ್ಯದ ಮಟ್ಟಿಗೆ ಸರಿಯಾಗಿಯೇ ಹೇಳಿದ್ದಾರೆ. ಜಾರ್ಜಿಯಾ, ಸೌತ್ ಕರೊಲೈನಾ ಮುಂತಾದ ಕಡೆ ಕ್ಲೋಸಿಂಗ್, ಅಂದರೆ ಹಣ ಕೊಟ್ಟು ಕ್ರಯಪತ್ರ ಪಡೆಯುವ ಕೊನೆಯ ಹಂತ, ಅಟಾರ್ನಿಯ ಉಸ್ತುವಾರಿಯಲ್ಲೇ ನಡೆಯಬೇಕು. ಸೌತ್ ಕರೊಲೈನಾದ ಸುಪ್ರೀಂ ಕೋರ್ಟ್ 1987ರಲ್ಲೇ ಈ ಮಾತನ್ನು ಸ್ಪಷ್ಟಪಡಿಸಿದೆ. ನ್ಯೂಯಾರ್ಕ್‌ನಲ್ಲಿ ರೂಢಿಯೇ ಕಾಯ್ದೆಯಷ್ಟು ಗಟ್ಟಿಯಾಗಿದ್ದು, ಮಾರುವವರ ಅಟಾರ್ನಿಯೇ ಕರಾರು ಬರೆಯುತ್ತಾರೆ, ಸಾಮಾನ್ಯವಾಗಿ ಶೇಕಡಾ 10ರಷ್ಟಿರುವ ಮುಂಗಡವೂ ಅವರ ಎಸ್ಕ್ರೋ ಖಾತೆಯಲ್ಲೇ (ವ್ಯವಹಾರ ಮುಗಿಯುವವರೆಗೆ ಹಣವನ್ನು ಕಾದಿಡುವ ಖಾತೆ) ಇರುತ್ತದೆ. ಅಂಥಲ್ಲಿ ಕೊಳ್ಳುವವರು ಮಾತ್ರ ಒಬ್ಬಂಟಿಯಾಗಿ ಹೋಗುವುದು ವಿವೇಕವಲ್ಲ. ಕ್ಯಾಲಿಫೋರ್ನಿಯಾ, ಟೆಕ್ಸಾಸ್‌ಗಳಲ್ಲಿ ಎಸ್ಕ್ರೋ ಮತ್ತು ಟೈಟಲ್ ಕಂಪನಿಗಳೇ ವ್ಯವಹಾರವನ್ನು ಮುಗಿಸಿಕೊಡುತ್ತವೆ.

ನ್ಯೂಜೆರ್ಸಿಯದು ನಡುವಿನ ದಾರಿ. ಇಲ್ಲಿ ಅಟಾರ್ನಿ ಕಡ್ಡಾಯವಲ್ಲ. ರಾಜ್ಯದ ಉತ್ತರ ಭಾಗದಲ್ಲಿ ಎರಡೂ ಕಡೆಯವರು ಅಟಾರ್ನಿ ಇಟ್ಟುಕೊಳ್ಳುತ್ತಾರೆ, ದಕ್ಷಿಣದಲ್ಲಿ ಬಹಳ ಮಂದಿ ಇಟ್ಟುಕೊಳ್ಳುವುದಿಲ್ಲ. ಈ ದಕ್ಷಿಣದ ಪದ್ಧತಿ ಸರಿಯೇ ಎಂಬ ಪ್ರಶ್ನೆ 1995ರಲ್ಲಿ ರಾಜ್ಯದ ಸುಪ್ರೀಂ ಕೋರ್ಟಿನ ಮುಂದೆ ಬಂದಾಗ, ನ್ಯಾಯಾಲಯವು ಅದನ್ನು ನಿಷೇಧಿಸಲಿಲ್ಲ; ಆದರೆ ಏಜೆಂಟರ ಮತ್ತು ಟೈಟಲ್ ಕಂಪನಿಯ ಹಿತ ನಿಮ್ಮ ಹಿತಕ್ಕಿಂತ ಬೇರೆಯಾಗಿರಬಹುದು, ಅಟಾರ್ನಿ ಇಲ್ಲದೆ ಮುಂದುವರಿದರೆ ಇಂತಿಂಥ ಅಪಾಯಗಳಿವೆ ಎಂದು ತಿಳಿಸುವ ಲಿಖಿತ ಸೂಚನೆಯನ್ನು ಕೊಡಲೇಬೇಕೆಂದು ವಿಧಿಸಿತು. ಆ ಹಾಳೆ ನಿಮ್ಮ ಕರಾರಿನ ಜೊತೆಯಲ್ಲೂ ಇರುತ್ತದೆ, ಹುಡುಕಿ ಓದಿ.

ಅದಕ್ಕಿಂತ ಮುಖ್ಯವಾದದ್ದು ಮೂರು ದಿನಗಳ ಷರತ್ತು. ಏಜೆಂಟ್ ಸಿದ್ಧಪಡಿಸಿದ ವಾಸದ ಮನೆಯ ಕರಾರಿನಲ್ಲಿ, ಸಹಿಯಾದ ಪ್ರತಿ ಎರಡೂ ಕಡೆಯವರ ಕೈಸೇರಿದ ಮೇಲೆ ಮೂರು ಕೆಲಸದ ದಿನಗಳೊಳಗೆ ಯಾವ ಪಕ್ಷದ ಅಟಾರ್ನಿಯಾದರೂ ಕರಾರನ್ನು ನಿರಾಕರಿಸಬಹುದು. ವಾಸ್ತವದಲ್ಲಿ ನಿರಾಕರಣೆ ಎಂದರೆ ವ್ಯವಹಾರ ಮುರಿಯಿತು ಎಂದಲ್ಲ. ನಮ್ಮ ಕಡೆಯ ತಿದ್ದುಪಡಿಗಳನ್ನು ಒಪ್ಪಿದರೆ ಮುಂದುವರಿಯುತ್ತೇವೆ ಎಂಬ ಪತ್ರ ಅದು. ಈ ಅವಕಾಶವನ್ನು ಬಳಸಬಲ್ಲವರು ಅಟಾರ್ನಿ ಮಾತ್ರ. ನೀವೇ ಪತ್ರ ಬರೆದು ಕರಾರನ್ನು ರದ್ದುಪಡಿಸಲಾಗದು. ಮೂರು ದಿನ ಸುಮ್ಮನಿದ್ದರೆ ಅಚ್ಚಿನ ಕರಾರೇ ಅಂತಿಮವಾಗುತ್ತದೆ. ಆದ್ದರಿಂದ ಸಹಿ ಮಾಡುವ ಮೊದಲೇ ಅಟಾರ್ನಿಯನ್ನು ಗೊತ್ತುಮಾಡಿಕೊಳ್ಳಿ, ಸಹಿಯಾದ ಮೇಲೆ ಹುಡುಕಲು ಹೊರಟರೆ ದಿನಗಳು ಅದರಲ್ಲೇ ಕಳೆದುಹೋಗುತ್ತವೆ. ಒಂದು ಎಚ್ಚರಿಕೆಯ ಮಾತು: ಪರಿಶೀಲನೆ ಮುಗಿಯುವವರೆಗೆ ಮಾರುವವರಿಗೂ ಹಿಂದೆ ಸರಿಯುವ ದಾರಿ ತೆರೆದೇ ಇರುತ್ತದೆ, ಹೆಚ್ಚು ಬೆಲೆ ಕೊಡುವವರು ಬಂದರೆ ಅವರ ಅಟಾರ್ನಿ ಕೂಡ ಅದೇ ಷರತ್ತನ್ನು ಬಳಸಬಹುದು. ಆದಕಾರಣ ಪತ್ರವ್ಯವಹಾರವನ್ನು ಎಳೆಯುವ ಅಟಾರ್ನಿ ನಿಮಗೆ ಬೇಡ.

ಆಸ್ಟಿನ್ ನಿವಾಸಿ:
ಟೆಕ್ಸಾಸ್ ಬಗ್ಗೆ ಒಂದಿಷ್ಟು ವಿವರಣೆ ಅಗತ್ಯ, ಏಕೆಂದರೆ ನಮ್ಮಲ್ಲಿ ಅಟಾರ್ನಿ ಇಲ್ಲದೆ ನಡೆಯುವುದಕ್ಕೆ ಕಾರಣಗಳಿವೆ. ಹಳೆಯ ಮನೆಗಳ ಮಾರಾಟಕ್ಕೆ ರಾಜ್ಯದ ರಿಯಲ್ ಎಸ್ಟೇಟ್ ಆಯೋಗವೇ ಮಾದರಿ ಕರಾರುಗಳನ್ನು ಗೊತ್ತುಪಡಿಸಿದೆ. ಏಜೆಂಟರು ಅವುಗಳಲ್ಲಿ ಖಾಲಿ ಜಾಗ ತುಂಬಬಹುದೇ ಹೊರತು ತಮ್ಮ ಕಾನೂನು ಪಾಂಡಿತ್ಯ ತೋರಿಸುವಂತಿಲ್ಲ. ಜೊತೆಗೆ ಕೊಳ್ಳುವವರು ಸಣ್ಣ ಮೊತ್ತದ ಆಪ್ಷನ್ ಶುಲ್ಕ ಕೊಟ್ಟು, ಗೊತ್ತಾದ ದಿನಗಳೊಳಗೆ ಯಾವ ಕಾರಣವನ್ನೂ ಹೇಳದೆ ಹಿಂದೆ ಸರಿಯುವ ಹಕ್ಕನ್ನು ಪಡೆಯಬಹುದು. ನ್ಯೂಜೆರ್ಸಿಯಲ್ಲಿ ಅಟಾರ್ನಿಯ ಪತ್ರ ಕೊಡುವ ರಕ್ಷಣೆಯ ಒಂದು ಭಾಗವನ್ನು ಇಲ್ಲಿ ಆ ಶುಲ್ಕವೇ ಕೊಡುತ್ತದೆ.

ಆದರೆ ಬಿಲ್ಡರ್‌ನಿಂದ ಹೊಸ ಮನೆ ಕೊಳ್ಳುವಾಗ ಈ ಮಾತು ನಡೆಯುವುದಿಲ್ಲ. ಅಲ್ಲಿ ಆಯೋಗದ ಮಾದರಿಯ ಬದಲು ಬಿಲ್ಡರ್‌ನ ಅಟಾರ್ನಿಗಳು ಬಿಲ್ಡರ್‌ಗೋಸ್ಕರ ಬರೆದ ಕರಾರು ಬರುತ್ತದೆ. ಮನೆ ಮುಗಿಯುವ ದಿನಾಂಕವನ್ನು ಮುಂದೂಡುವ ಅಧಿಕಾರ, ಸಾಮಗ್ರಿ ಬದಲಿಸುವ ಅಧಿಕಾರ, ತಕರಾರು ಬಂದರೆ ನ್ಯಾಯಾಲಯಕ್ಕೆ ಹೋಗದೆ ಮಧ್ಯಸ್ಥಿಕೆಗೇ ಹೋಗಬೇಕೆಂಬ ಷರತ್ತು, ಮುಂಗಡ ವಾಪಸ್ ಬರುವುದಿಲ್ಲ ಎಂಬ ಸಾಲು, ಇವೆಲ್ಲವೂ ಅದರಲ್ಲಿ ಸಾಮಾನ್ಯ. ನಮ್ಮ ಪರಿಚಿತರಲ್ಲಿ ಹೆಚ್ಚಿನವರು ಕೊಳ್ಳುವುದು ಹೊಸ ಮನೆಯನ್ನೇ, ಅಟಾರ್ನಿ ಬೇಡ ಎಂದು ಗಟ್ಟಿಯಾಗಿ ಹೇಳುವವರೂ ಅವರೇ. ಬಿಲ್ಡರ್ ಸೂಚಿಸಿದ ಟೈಟಲ್ ಕಂಪನಿಯನ್ನೇ ಬಳಸಬೇಕೆಂದು ಒತ್ತಾಯಿಸಿದರೆ, ಮನೆ ಖರೀದಿಯ ಕ್ಲೋಸಿಂಗ್ ವ್ಯವಹಾರಗಳಿಗೆ ಸಂಬಂಧಿಸಿದ 1974ರ ಫೆಡರಲ್ ಕಾಯ್ದೆಯಾದ ರೆಸ್ಪಾದ 9ನೇ ಸೆಕ್ಷನ್ ನಿಮ್ಮ ಪರವಾಗಿದೆ: ಫೆಡರಲ್ ಸಂಬಂಧವಿರುವ ಅಡಮಾನ ಸಾಲದಿಂದ ಕೊಳ್ಳುವಾಗ, ಟೈಟಲ್ ವಿಮೆಯನ್ನು ಇಂಥ ಕಂಪನಿಯಿಂದಲೇ ಕೊಳ್ಳಬೇಕೆಂದು ಮಾರುವವರು ಷರತ್ತು ಹಾಕುವಂತಿಲ್ಲ, ಹಾಕಿದರೆ ಆ ವಿಮೆಗೆ ತಗುಲಿದ ವೆಚ್ಚದ ಮೂರು ಪಟ್ಟು ಮೊತ್ತಕ್ಕೆ ಹೊಣೆಯಾಗುತ್ತಾರೆ. ಸೂಚಿಸಬಹುದು, ರಿಯಾಯಿತಿಯ ಆಸೆ ತೋರಿಸಬಹುದು, ಒತ್ತಾಯಿಸುವಂತಿಲ್ಲ.

ಚಾರ್ಲ್ಸ್ ನದಿ:
ಮ್ಯಾಸಚೂಸೆಟ್ಸ್‌ನವರು ಓದುತ್ತಿದ್ದರೆ ಅವರಿಗಾಗಿ ಒಂದು ಮಾತು. ನಮ್ಮಲ್ಲಿ ಮೊದಲು ಆಫರ್‌ಗೆ ಸಹಿ, ಕೆಲವು ದಿನಗಳ ನಂತರ ವಿವರವಾದ ಖರೀದಿ ಕರಾರಿಗೆ ಸಹಿ. ಆಫರ್ ಎಂಬುದು ಬರೀ ಮಾತುಕತೆಯ ಹಾಳೆ, ಅಟಾರ್ನಿಯನ್ನು ಕರಾರಿನ ಹೊತ್ತಿಗೆ ನೋಡಿದರಾಯಿತು ಎಂಬ ನಂಬಿಕೆ ವ್ಯಾಪಕವಾಗಿದೆ. ಆದರೆ ಮೆಕಾರ್ತಿ ಮತ್ತು ಟೋಬಿನ್ ಪ್ರಕರಣದಲ್ಲಿ ರಾಜ್ಯದ ಉಚ್ಚತಮ ನ್ಯಾಯಾಲಯವು 1999ರಲ್ಲಿ, ಮುಖ್ಯ ಷರತ್ತುಗಳೆಲ್ಲ ಒಳಗೊಂಡಿರುವ, ಎರಡೂ ಕಡೆಯವರು ಸಹಿ ಮಾಡಿದ ಆಫರ್ ತಾನೇ ಬದ್ಧಗೊಳಿಸುವ ಕರಾರು ಎಂದು ತೀರ್ಪಿತ್ತಿತು. ಸಾಲ ಮಂಜೂರಾಗದಿದ್ದರೆ ಮುಂಗಡ ಹಿಂದಿರುಗಬೇಕು, ಇನ್‌ಸ್ಪೆಕ್ಷನ್‌ನಲ್ಲಿ ದೋಷ ಕಂಡರೆ ಬಿಡುವ ಹಕ್ಕು ಇರಬೇಕು ಎಂಬ ಷರತ್ತುಗಳು ಆಫರ್‌ನಲ್ಲೇ ಇರಬೇಕು. ಆಮೇಲೆ ಸೇರಿಸೋಣ ಎಂದರೆ ಎದುರು ಕಡೆಯವರು ಸೇರಿಸಲು ಬಿಡಬೇಕಾಗಿಲ್ಲ.

ಇನ್ನು ಕ್ಲೋಸಿಂಗ್ ದಿನ ಮೇಜಿನ ಆ ಬದಿಯಲ್ಲಿ ಕುಳಿತು ಕಾಗದಗಳನ್ನು ಒಂದೊಂದಾಗಿ ಸರಿಸುತ್ತಾ ಎಲ್ಲವನ್ನೂ ಸಮಾಧಾನದಿಂದ ವಿವರಿಸುವ ಅಟಾರ್ನಿ ನಿಮ್ಮವರಲ್ಲ, ಸಾಲ ಕೊಡುವ ಬ್ಯಾಂಕಿನವರು. ಶುಲ್ಕವನ್ನು ಕೊಡುವವರು ನೀವೇ, ಅವರು ಪ್ರತಿನಿಧಿಸುವುದು ಬ್ಯಾಂಕನ್ನು. ಒಳ್ಳೆಯವರೇ ಇರುತ್ತಾರೆ, ಸುಳ್ಳು ಹೇಳುವುದಿಲ್ಲ, ಆದರೆ ಈ ಷರತ್ತು ನಿಮಗೆ ಪ್ರತಿಕೂಲ, ಸಹಿ ಮಾಡಬೇಡಿ ಎಂದು ಹೇಳುವ ಕರ್ತವ್ಯ ಅವರಿಗಿಲ್ಲ.

ಸ್ಯಾನ್ ಹೋಸೆ ಓದುಗ:
ಕ್ಯಾಲಿಫೋರ್ನಿಯಾದಲ್ಲಿ ಸಾಮಾನ್ಯ ಖರೀದಿಗೆ ಅಟಾರ್ನಿ ಇಟ್ಟುಕೊಂಡವರನ್ನು ನಾನು ಕಂಡಿಲ್ಲ. ವಾಸಕ್ಕೆಂದು ಕೊಳ್ಳುವವರು ಕರಾರು ಮುರಿದರೆ ಮುಂಗಡದಿಂದ ಮುಟ್ಟುಗೋಲು ಹಾಕಿಕೊಳ್ಳುವ ನಿಗದಿತ ಪರಿಹಾರಕ್ಕೆ ಬೆಲೆಯ ಶೇಕಡಾ 3ರ ಮಿತಿಯನ್ನು ಕಾನೂನೇ ಇಟ್ಟಿದೆ. ಆದರೂ ಬಾಡಿಗೆದಾರರು ಇನ್ನೂ ವಾಸವಾಗಿರುವ ಮನೆ, ತೀರಿಕೊಂಡವರ ಮಕ್ಕಳು ಮಾರುತ್ತಿರುವ ಮನೆ, ವಿಚ್ಛೇದನದ ನಡುವೆ ಮಾರಾಟಕ್ಕೆ ಬಂದ ಮನೆ, ಇಂಥವುಗಳಿಗೆ ಗಂಟೆಯ ಲೆಕ್ಕದಲ್ಲಿ ಒಬ್ಬ ಅಟಾರ್ನಿಯಿಂದ ಕಾಗದ ಓದಿಸುವುದು ಒಳ್ಳೆಯದು.

ರಾರಿಟನ್ ದಂಡೆ:
ಎಲ್ಲರಿಗೂ ಧನ್ಯವಾದ. ಒಂದು ಸಂದೇಹ ಉಳಿದಿದೆ. ಹಕ್ಕಿನಲ್ಲಿ ದೋಷ ಕಂಡುಬಂದರೆ ಟೈಟಲ್ ವಿಮೆ ಇದ್ದೇ ಇದೆಯಲ್ಲ? ವಿಮೆಗೂ ಕೊಟ್ಟು ಅಟಾರ್ನಿಗೂ ಕೊಡುವುದು ಒಂದೇ ಕೆಲಸಕ್ಕೆ ಎರಡು ಸಲ ಕೊಟ್ಟಂತಾಗುವುದಿಲ್ಲವೇ?

ಹಳೆಯ ಕಡತ:
ನಾನು ಹಲವು ವರ್ಷ ಟೈಟಲ್ ಕಂಪನಿಯಲ್ಲಿ ದಾಖಲೆ ಶೋಧಿಸುವ ಕೆಲಸ ಮಾಡಿದವನು, ಆದ್ದರಿಂದ ಈ ಪ್ರಶ್ನೆಗೆ ಸ್ವಲ್ಪ ವಿಸ್ತಾರವಾಗಿ ಉತ್ತರಿಸುತ್ತೇನೆ.

ಮೊದಲನೆಯದಾಗಿ, ವಿಮೆಯಲ್ಲಿ ಎರಡು ಬಗೆ. ಸಾಲ ಕೊಡುವವರು ಕೇಳಿ ಮಾಡಿಸುವ ಪಾಲಿಸಿ ಅವರ ಸಾಲದ ಮೊತ್ತವನ್ನಷ್ಟೇ ಕಾಯುತ್ತದೆ, ಸಾಲ ತೀರಿದಂತೆ ಅದೂ ಕರಗುತ್ತದೆ. ನಿಮ್ಮ ಹಣವನ್ನು ಕಾಯುವುದು ಮಾಲೀಕರ ಪಾಲಿಸಿ, ಅದಕ್ಕೆ ಕಂತು ಒಂದೇ ಬಾರಿ. ಉಳಿತಾಯದ ಹುಮ್ಮಸ್ಸಿನಲ್ಲಿ ಎರಡನೆಯದನ್ನು ಬೇಡ ಎನ್ನುವವರನ್ನು ಬಹಳ ನೋಡಿದ್ದೇನೆ.

ಎರಡನೆಯದಾಗಿ, ಪಾಲಿಸಿ ಕೊಡುವ ಮೊದಲು ಕಂಪನಿಯು ಟೈಟಲ್ ಕಮಿಟ್‌ಮೆಂಟ್ ಎಂಬ ದಾಖಲೆಯನ್ನು ಕಳುಹಿಸುತ್ತದೆ. ಅದರ ಶೆಡ್ಯೂಲ್ ಬಿ ಎಂಬ ಭಾಗವನ್ನು ತೆರೆದು ನೋಡಿ. ಒಂದು ಕಡೆ ಕ್ಲೋಸಿಂಗ್‌ಗೆ ಮೊದಲು ಪೂರೈಸಬೇಕಾದ ಷರತ್ತುಗಳಿರುತ್ತವೆ: ಹಳೆಯ ಅಡಮಾನ ತೀರಿದ್ದಕ್ಕೆ ದಾಖಲೆ ಬೇಕು, ಮಾರುವವರ ಹೆಸರಿನವರ ಮೇಲಿರುವ ನ್ಯಾಯಾಲಯದ ಡಿಕ್ರಿ ಬೇರೆಯವರದ್ದು ಎಂಬ ಪ್ರಮಾಣಪತ್ರ ಬೇಕು, ಹೀಗೆ. ಇನ್ನೊಂದು ಕಡೆ ವಿಮೆಯಿಂದ ಹೊರಗಿಟ್ಟ ಬಾಬತ್ತುಗಳ ಪಟ್ಟಿ ಇರುತ್ತದೆ. ಉದಾಹರಣೆಗೆ, ಹಿತ್ತಲಿನ ಅಂಚಿನಿಂದ 20 ಅಡಿ ಅಗಲದ ಪಟ್ಟಿಯಲ್ಲಿ ಚರಂಡಿಗಾಗಿ ಊರಾಡಳಿತಕ್ಕೆ ಹಕ್ಕು ಇದೆ, ಅದರ ವಿವರ ಇಂಥ ಪುಸ್ತಕದ ಇಂಥ ಪುಟದಲ್ಲಿದೆ ಎಂದು ಒಂದೇ ಸಾಲಿನಲ್ಲಿ ಬರೆದಿರುತ್ತದೆ. ಆ ಸಾಲಿನ ಅರ್ಥ, ಆ ಪಟ್ಟಿಯ ಮೇಲೆ ನೀವು ಈಜುಕೊಳವನ್ನಾಗಲಿ ಕೊಠಡಿಯನ್ನಾಗಲಿ ಕಟ್ಟಿದರೆ ಕೆಡವಬೇಕಾಗಬಹುದು, ಆಗ ವಿಮೆಯಿಂದ ಬಿಡಿಗಾಸೂ ಬರುವುದಿಲ್ಲ. ಕಂಪನಿಗೆ ಇದರಿಂದ ಚಿಂತೆಯಿಲ್ಲ, ಅದು ತನ್ನ ಹೊಣೆಯಿಂದ ಆ ಸಾಲನ್ನು ತೆಗೆದುಹಾಕಿಯಾಯಿತು. ಚಿಂತೆ ಇರಬೇಕಾದದ್ದು ನಿಮಗೆ. ಆ ಪುಸ್ತಕದ ಆ ಪುಟವನ್ನು ತರಿಸಿ, ಅಳತೆಯ ನಕ್ಷೆಯ ಮೇಲಿಟ್ಟು ನೋಡಿ, ನಿಮ್ಮ ಉದ್ದೇಶವೇನೆಂದು ವಿಚಾರಿಸಿ ಸಲಹೆ ಕೊಡುವವರು ಬೇಕು, ಕಂಪನಿಯ ಕೆಲಸದ ಪಟ್ಟಿಯಲ್ಲಿ ಅದಿಲ್ಲ. ವಿಮೆ ನಷ್ಟಕ್ಕೆ ಪರಿಹಾರ ಕೊಡುತ್ತದೆ, ಕೊಳ್ಳಬೇಕೇ ಬೇಡವೇ ಎಂಬುದನ್ನು ಹೇಳುವುದಿಲ್ಲ.

ಮೂರನೆಯದು ಯಾರೂ ಗಮನ ಕೊಡದ ಸಂಗತಿ. ಕ್ರಯಪತ್ರದಲ್ಲಿ ನಿಮ್ಮಿಬ್ಬರ ಹೆಸರು ಯಾವ ರೀತಿ ಬರೆಯಬೇಕೆಂದು ಕೇಳುತ್ತಾರೆ. ನ್ಯೂಜೆರ್ಸಿಯಲ್ಲಿ ದಂಪತಿಗಳಾಗಿ ಪಡೆದರೆ ಒಬ್ಬರ ನಂತರ ಇಡೀ ಮನೆ ಇನ್ನೊಬ್ಬರಿಗೆ ತಾನಾಗಿಯೇ ಹೋಗುತ್ತದೆ. ನಿಮ್ಮ ತಂದೆಯವರ ಹೆಸರನ್ನೋ ತಮ್ಮನ ಹೆಸರನ್ನೋ ಸೇರಿಸಿದರೆ, ಪಾಲುದಾರಿಕೆಯ ಬಗೆ ಬದಲಾಗಿ, ಅವರ ಪಾಲು ಅವರ ವಾರಸುದಾರರಿಗೆ ಹೋಗುವ ಸಂದರ್ಭವೂ ಬರಬಹುದು. ಟೈಟಲ್ ಕಂಪನಿಯವರು ನೀವು ಹೇಳಿದಂತೆ ಬರೆದುಕೊಳ್ಳುತ್ತಾರೆ, ಯಾವುದು ಒಳ್ಳೆಯದೆಂದು ಸಲಹೆ ಕೊಡುವ ಅಧಿಕಾರ ಅವರಿಗಿಲ್ಲ.

ಷಾರ್ಲೆಟ್ ಕನ್ನಡಿಗ:
ಎಲ್ಲರೂ ಅಟಾರ್ನಿಯ ಪರವಾಗಿಯೇ ಬರೆಯುತ್ತಿರುವುದರಿಂದ ಸ್ವಲ್ಪ ಭಿನ್ನವಾಗಿ ಬರೆಯುತ್ತೇನೆ. ನಾರ್ತ್ ಕರೊಲೈನಾದಲ್ಲಿ ಕ್ಲೋಸಿಂಗ್ ಅಟಾರ್ನಿ ಇದ್ದೇ ಇರುತ್ತಾರೆ. ನನ್ನ ಕಡತವನ್ನು ಆದಿಯಿಂದ ಅಂತ್ಯದವರೆಗೆ ನೋಡಿದವರು ಅವರ ಕಚೇರಿಯ ಪ್ಯಾರಾಲೀಗಲ್, ಅಂದರೆ ಅಟಾರ್ನಿಯ ಸಹಾಯಕರು; ಅಟಾರ್ನಿಯವರ ದರ್ಶನವಾದದ್ದು ಸಹಿಯ ದಿನ ಮಾತ್ರ. ನಮ್ಮಲ್ಲಿ ಕೊಳ್ಳುವವರು, ಮನೆಯನ್ನು ಪರಿಶೀಲಿಸಲು ಗೊತ್ತಾದ ಅವಧಿಗಾಗಿ, ಡ್ಯೂ ಡಿಲಿಜೆನ್ಸ್ ಶುಲ್ಕವೆಂದು ಒಂದು ಮೊತ್ತವನ್ನು ನೇರವಾಗಿ ಮಾರುವವರಿಗೇ ಕೊಡುತ್ತಾರೆ. ಆ ಅವಧಿಯೊಳಗೆ ಹಿಂದೆ ಸರಿದರೆ ಮುಂಗಡ ವಾಪಸ್ ಬರುತ್ತದೆ, ಈ ಶುಲ್ಕ ಮಾತ್ರ ಮಾರುವವರು ಕರಾರು ಮುರಿದ ಹೊರತು ಹಿಂದಿರುಗುವುದಿಲ್ಲ. ಪೈಪೋಟಿ ಹೆಚ್ಚಿದ್ದಾಗ ಇದು ಹತ್ತಾರು ಸಾವಿರ ಡಾಲರಿಗೆ ಏರಿದ್ದುಂಟು. ಈ ಮೊತ್ತ ತೀರ್ಮಾನವಾಗುವ ಹೊತ್ತಿಗೆ ಅಟಾರ್ನಿ ಚಿತ್ರದಲ್ಲೇ ಇರುವುದಿಲ್ಲ. ಹೀಗಿರುವಾಗ ಅಟಾರ್ನಿ ಕಡ್ಡಾಯವೆಂದು ಬೀಗುವುದರಲ್ಲಿ ಅರ್ಥವೇನಿದೆ?

ಹಡ್ಸನ್ ಪಕ್ಕ:
ನಿಮ್ಮ ಆಕ್ಷೇಪವನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ನನ್ನ ವಾದವೂ ಅದೇ. ಕ್ಲೋಸಿಂಗ್ ದಿನದ ಅಟಾರ್ನಿಯಿಂದ ಕೊಳ್ಳುವವರಿಗೆ ಆಗುವ ಉಪಕಾರ ಕಡಿಮೆ, ಏಕೆಂದರೆ ಅಷ್ಟು ಹೊತ್ತಿಗೆ ತೀರ್ಮಾನಗಳೆಲ್ಲ ಆಗಿಹೋಗಿರುತ್ತವೆ. ಕಾನೂನು ಕಡ್ಡಾಯ ಮಾಡಿರುವುದು ಬಹುಪಾಲು ಆ ಕೊನೆಯ ದಿನವನ್ನು. ಕೊಳ್ಳುವವರಿಗೆ ನಿಜವಾಗಿ ಬೇಕಾದದ್ದು ಸಹಿಯ ಹಿಂದುಮುಂದಿನ ಕೆಲವು ದಿನಗಳು, ಅದನ್ನು ನ್ಯೂಜೆರ್ಸಿಯ ಷರತ್ತಿನಂಥ ಒಂದೆರಡು ವ್ಯವಸ್ಥೆ ಬಿಟ್ಟರೆ ಯಾವ ಕಾನೂನೂ ಕಡ್ಡಾಯ ಮಾಡುವುದಿಲ್ಲ. ನಿಮ್ಮ ರಾಜ್ಯದಲ್ಲಾದರೆ ಆ ಶುಲ್ಕದ ಅಂಕಿಯನ್ನು ಬರೆಯುವ ಮೊದಲು ಅಟಾರ್ನಿಗೆ ಒಂದು ಕರೆ ಮಾಡಬೇಕು.

ರಾರಿಟನ್ ದಂಡೆಯವರೇ, ಏಜೆಂಟ್ ಸೂಚಿಸಿದವರ ಬಗ್ಗೆ ಮೂಲ ಪ್ರಶ್ನೆಯಲ್ಲಿ ಬರೆದಿದ್ದೀರಿ. ಸೂಚನೆಯೇ ದೋಷವಲ್ಲ. ಆದರೆ ತಿಂಗಳಿಗೆ ಹಲವು ಕೆಲಸಗಳನ್ನು ಒಬ್ಬ ಏಜೆಂಟ್ ಕಳುಹಿಸಿಕೊಡುತ್ತಿದ್ದರೆ, ಈ ಮನೆ ಬೇಡ ಎಂದು ನಿಮಗೆ ಹೇಳುವುದು ಆ ಅಟಾರ್ನಿಗೆ ಸುಲಭವಾಗುವುದಿಲ್ಲ. ನೀವಾಗಿ ಇನ್ನೊಬ್ಬರನ್ನೂ ವಿಚಾರಿಸಿ. ಕರಾರನ್ನು ಓದುವವರು ನೀವೋ ನಿಮ್ಮ ಸಹಾಯಕರೋ, ವ್ಯವಹಾರ ಮುರಿದರೂ ಪೂರ್ತಿ ಶುಲ್ಕ ಕೊಡಬೇಕೇ, ಟೈಟಲ್ ಕಂಪನಿಯಲ್ಲಿ ನಿಮಗೆ ಪಾಲಿದೆಯೇ ಎಂದು ಸಂಕೋಚವಿಲ್ಲದೆ ಕೇಳಿ. ನಮ್ಮ ಸುತ್ತಮುತ್ತ ಶುಲ್ಕ ಸಾಮಾನ್ಯವಾಗಿ ಒಟ್ಟು ಮೊತ್ತವಾಗಿ, ಸಾವಿರದಿಂದ ಎರಡೂವರೆ ಸಾವಿರ ಡಾಲರಿನೊಳಗೆ ಇರುತ್ತದೆ.

ತೆರಿಗೆ ಓದುಗ:
ಇಷ್ಟು ಚರ್ಚೆಯಾದರೂ, ಮೂಲ ಪ್ರಶ್ನೆಯ ಕೊನೆಯ ಸಾಲನ್ನು ಯಾರೂ ಗಮನಿಸಿದಂತಿಲ್ಲ. ಮಾರುವವರು ಭಾರತಕ್ಕೆ ಹಿಂದಿರುಗಿದ್ದಾರೆ ಎಂದು ಬರೆದಿದ್ದೀರಿ. ಅವರು ಅಮೆರಿಕದ ನಾಗರಿಕರಾಗಿದ್ದರೆ ಅಥವಾ ಗ್ರೀನ್ ಕಾರ್ಡ್ ಉಳಿಸಿಕೊಂಡಿದ್ದರೆ ಚಿಂತೆಯಿಲ್ಲ. ಅಮೆರಿಕದ ತೆರಿಗೆಯ ದೃಷ್ಟಿಯಲ್ಲಿ ಅನಿವಾಸಿ ವಿದೇಶಿಯರಾಗಿದ್ದರೆ, ಫಿರ್ಪ್ಟಾ ಎಂಬ ಕಾನೂನಿನ ಪ್ರಕಾರ ಬೆಲೆಯ ಒಂದು ಭಾಗವನ್ನು ಕಡಿತ ಮಾಡಿ, ಹಸ್ತಾಂತರವಾದ 20 ದಿನಗಳೊಳಗೆ ಐಆರ್‌ಎಸ್‌ಗೆ (ಅಮೆರಿಕದ ತೆರಿಗೆ ಇಲಾಖೆಗೆ) ಕಟ್ಟಬೇಕಾದ ಹೊಣೆ ಕೊಳ್ಳುವವರದ್ದು. ಸಾಮಾನ್ಯ ದರ ಶೇಕಡಾ 15. ಕೊಳ್ಳುವವರು ತಾವೇ ವಾಸ ಮಾಡುವ ಮನೆಯಾಗಿದ್ದು ಬೆಲೆ 3 ಲಕ್ಷ ಡಾಲರ್ ಮೀರದಿದ್ದರೆ ವಿನಾಯಿತಿ, 3 ಲಕ್ಷದಿಂದ 10 ಲಕ್ಷದವರೆಗೆ ಶೇಕಡಾ 10. ನಿಮ್ಮ ಬೆಲೆಗೆ ಅದು 64,000 ಡಾಲರ್ ಆಗುತ್ತದೆ. ಕಡಿತ ಮಾಡದೆ ಪೂರ್ತಿ ಹಣ ಕೊಟ್ಟುಬಿಟ್ಟರೆ, ಅವರು ಬೆಂಗಳೂರಿನಲ್ಲಿ ಹಾಯಾಗಿರುತ್ತಾರೆ, ಐಆರ್‌ಎಸ್ ನಿಮ್ಮನ್ನು ಕೇಳುತ್ತದೆ.

ಮಾರುವವರು ತಾವು ವಿದೇಶಿಯರಲ್ಲ ಎಂದು ತೆರಿಗೆ ಸಂಖ್ಯೆಯ ಸಹಿತ ಪ್ರಮಾಣಪತ್ರ ಕೊಟ್ಟರೆ ನಿಮ್ಮ ಹೊಣೆ ಸಾಮಾನ್ಯವಾಗಿ ತೀರುತ್ತದೆ. ಕೊಡದಿದ್ದರೆ ಕಡಿತದ ಷರತ್ತನ್ನು ಕರಾರಿನಲ್ಲೇ ಬರೆಸಬೇಕು. ಅನಿವಾಸಿ ಮಾರಾಟಗಾರರಿಂದ ನ್ಯೂಜೆರ್ಸಿ ರಾಜ್ಯವೂ ಕನಿಷ್ಠ ಬೆಲೆಯ ಶೇಕಡಾ 2ರಷ್ಟು ಅಂದಾಜು ತೆರಿಗೆ ಕೇಳುತ್ತದೆ. ಅದರ ನಮೂನೆ ಇಲ್ಲದೆ ಕೌಂಟಿಯಲ್ಲಿ ಕ್ರಯಪತ್ರ ದಾಖಲಾಗುವುದಿಲ್ಲ. ಜೊತೆಗೆ ಅವರು ಅಲ್ಲಿಂದಲೇ ಸಹಿ ಮಾಡುವುದಾದರೆ ಅಮೆರಿಕದ ದೂತಾವಾಸದಲ್ಲಿ ನೋಟರಿ ಮಾಡಿಸಬೇಕು, ಇಲ್ಲವೇ ಅಲ್ಲಿನ ನೋಟರಿಯ ಮೇಲೆ, ವಿದೇಶದಲ್ಲಿ ಮಾನ್ಯವಾಗುವ ಸರ್ಕಾರಿ ದೃಢೀಕರಣವಾದ ಅಪೋಸ್ಟಿಲ್ ಮುದ್ರೆ ಹಾಕಿಸಬೇಕು. ಖಾಲಿ ಮನೆಯೆಂದು ಬೇಗ ಸಿಗುತ್ತದೆ ಎಂಬ ಲೆಕ್ಕಾಚಾರವನ್ನು ಸ್ವಲ್ಪ ಸಡಿಲಿಸಿಕೊಳ್ಳಿ.

ರಾರಿಟನ್ ದಂಡೆ:
ಈ ಮಾಹಿತಿಗೆ ಎಷ್ಟು ಕೃತಜ್ಞತೆ ಹೇಳಿದರೂ ಸಾಲದು. ನಮ್ಮ ಏಜೆಂಟರಿಗಾಗಲಿ ಭಾವನವರಿಗಾಗಲಿ ಇದು ಗೊತ್ತಿರಲಿಲ್ಲ. ಸೂಚಿಸಿದವರನ್ನು ಬಿಟ್ಟು ಬೇರೊಬ್ಬ ಅಟಾರ್ನಿಯನ್ನು ಗೊತ್ತುಮಾಡಿಕೊಂಡು, ಆಮೇಲೆಯೇ ಸಹಿ ಮಾಡಿದೆವು. ಅವರು ಕಳುಹಿಸಿದ ಪರಿಶೀಲನಾ ಪತ್ರದಲ್ಲಿರುವ ಕೆಲವು ಅಂಶಗಳನ್ನು ಇತರರಿಗೂ ಉಪಯೋಗವಾಗಲೆಂದು ಬರೆಯುತ್ತಿದ್ದೇನೆ. ಮಾರುವವರು ವಿದೇಶಿಯರಲ್ಲವೆಂಬ ಪ್ರಮಾಣಪತ್ರ ಕೊಡಬೇಕು, ಇಲ್ಲವೇ ಕಡಿತಕ್ಕೆ ಒಪ್ಪಬೇಕು. ನೆಲದಡಿಯಲ್ಲಿ ಹಳೆಯ ಹೀಟಿಂಗ್ ಆಯಿಲ್ ಟ್ಯಾಂಕ್ ಇದೆಯೇ ಎಂದು ಶೋಧಿಸಲು ನಮಗೆ ಅವಕಾಶವಿರಬೇಕು. ಸಿಕ್ಕರೆ ತೆಗೆಸುವ ಮತ್ತು ಮಣ್ಣು ಶುದ್ಧಿ ಮಾಡಿಸುವ ಖರ್ಚು ಅವರದ್ದು, ಒಪ್ಪದಿದ್ದರೆ ಮುಂಗಡ ನಮಗೆ ವಾಪಸ್. ಬೇಸ್‌ಮೆಂಟ್‌ನಲ್ಲಿ ಮಾಡಿಸಿದ ಕೆಲಸಕ್ಕೆ ಊರಾಡಳಿತದ ಪರವಾನಗಿ ಇದ್ದದ್ದನ್ನೂ ಅದು ಮುಕ್ತಾಯವಾದದ್ದನ್ನೂ ತೋರಿಸಬೇಕು. ಸಾಲ ಮಂಜೂರಾಗದೆ ಹೋದರೆ ಹೊರಬರುವ ಕೊನೆಯ ದಿನಾಂಕವನ್ನು ಬ್ಯಾಂಕ್ ಹೇಳಿದ ದಿನಾಂಕಕ್ಕೆ ಹೊಂದಿಸಬೇಕು. ಎದುರು ಕಡೆಯವರು ಟ್ಯಾಂಕಿನ ಖರ್ಚಿಗೆ ಮಿತಿ ಕೇಳಿದ್ದಾರೆ, ಉಳಿದದ್ದನ್ನು ಒಪ್ಪಿದ್ದಾರೆ. ಪ್ರಮಾಣಪತ್ರ ಕೊಡಲಾಗದು, ಕಡಿತ ಮಾಡಿಕೊಳ್ಳಿ ಎಂದು ಬರೆದಿದ್ದಾರೆ.

ಹಳೆಯ ಕಡತ:
ಹಾಗಿದ್ದರೆ ಅವರು ಕಡಿತ ಕಡಿಮೆ ಮಾಡಬೇಕೆಂದು ಐಆರ್‌ಎಸ್‌ಗೆ ಅರ್ಜಿ ಹಾಕುವ ಸಂಭವವೂ ಇದೆ. ಕ್ಲೋಸಿಂಗ್ ದಿನ ಅರ್ಜಿ ಇನ್ನೂ ಬಾಕಿಯಿದ್ದರೆ ಆ 64,000 ಡಾಲರ್ ಯಾರ ಎಸ್ಕ್ರೋ ಖಾತೆಯಲ್ಲಿರಬೇಕು, ಯಾವ ಕಾಗದ ಬಂದ ಮೇಲೆ ಬಿಡುಗಡೆ ಮಾಡಬೇಕು ಎಂಬುದನ್ನು ಈಗಲೇ ಬರವಣಿಗೆಯಲ್ಲಿ ಗೊತ್ತುಮಾಡಿಸಿಕೊಳ್ಳಿ.

ಹಡ್ಸನ್ ಪಕ್ಕ:
ಕ್ಲೋಸಿಂಗ್ ಡಿಸ್‌ಕ್ಲೋಷರ್ ಎಂಬ ಲೆಕ್ಕಪತ್ರ ಕ್ಲೋಸಿಂಗ್‌ಗೆ ಕನಿಷ್ಠ ಮೂರು ಕೆಲಸದ ದಿನ ಮೊದಲೇ ನಿಮ್ಮ ಕೈಸೇರಬೇಕೆಂಬ ನಿಯಮ 2015ರ ಅಕ್ಟೋಬರ್‌ನಿಂದ ಜಾರಿಯಲ್ಲಿದೆ. ಬಂದ ದಿನವೇ ಅಟಾರ್ನಿಗೆ ಕಳುಹಿಸಿ, ಕಡಿತದ ಏರ್ಪಾಡು ಅದರೊಂದಿಗೆ ತಾಳೆಯಾಗುತ್ತದೆಯೇ ಎಂದು ಕೇಳಿ. ಅದೇ ದಿನಗಳಲ್ಲಿ ಹಣವನ್ನು ಎಲ್ಲಿಗೆ ವೈರ್ ಮಾಡಬೇಕೆಂಬ ಇಮೇಲ್ ಕೂಡ ಬರುತ್ತದೆ. ಅದು ವಂಚಕರು ಕಳುಹಿಸಿದ್ದೂ ಆಗಿರಬಹುದು, ಆದ್ದರಿಂದ ಅದರಲ್ಲಿರುವ ದೂರವಾಣಿ ಸಂಖ್ಯೆಗೆ ಕರೆ ಮಾಡಬೇಡಿ. ಇಂದು ಅಟಾರ್ನಿಯ ಕಚೇರಿಯಿಂದ ನೀವೇ ಬರೆದುಕೊಂಡು ಬಂದ ಸಂಖ್ಯೆಗೆ ಕರೆ ಮಾಡಿ, ಖಾತೆಯ ಅಂಕಿಗಳನ್ನು ಅವರ ಬಾಯಿಂದ ಓದಿಸಿಕೊಂಡ ಮೇಲೆಯೇ ಬ್ಯಾಂಕಿಗೆ ಹೋಗಿ.